ಖರ್ಚಿಲ್ಲದ ಸೆನೆಟರ್: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಪೂರ್ತಿ ಓದಿ, ಆಮೇಲೆ ಚುನಾವಣೆಗೆ ನಿಲ್ಲಿ. ಈ ಕೈಪಿಡಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಿಂದ 1989ರ ಜನವರಿಯವರೆಗೆ ಕೆಟ್ಟು ನಿಲ್ಲದೆ ಓಡಿದ ವಿಲಿಯಂ ಪ್ರಾಕ್ಸ್‌ಮೈರ್ ಮಾದರಿಗೆ ಮಾತ್ರ ಅನ್ವಯಿಸುತ್ತದೆ. 1982ರ ಮರುಚುನಾವಣೆಗೆ ಈ ಮಾದರಿ ನುಂಗಿದ್ದು ಒಟ್ಟು 145 ಡಾಲರ್ 10 ಸೆಂಟ್. ಅದರಲ್ಲೂ ಬಹುಪಾಲು, ಕೇಳದೆಯೇ ಬಂದ ದೇಣಿಗೆಗಳನ್ನು ವಾಪಸ್ ಕಳಿಸಿದ ಅಂಚೆವೆಚ್ಚ. ಆದರೂ ನಿರಾಯಾಸವಾಗಿ ಗೆದ್ದಿತು.

ಪೆಟ್ಟಿಗೆಯಲ್ಲಿ ಏನೇನಿದೆ

ಬಲಗೈ ಒಂದು. ಓಡುವ ಬೂಟು ಒಂದು ಜೊತೆ (ಮನೆಯಿಂದ ಸಂಸತ್ ಭವನಕ್ಕೆ ಓಡಿಕೊಂಡೇ ಹೋಗಬೇಕು). ಅಂಚೆಚೀಟಿ ಸ್ವಲ್ಪ. ಟಿವಿ ಜಾಹೀರಾತು, ಸಲಹೆಗಾರರ ದಂಡು, ತಟ್ಟೆಗಿಷ್ಟು ಎಂದು ದುಡ್ಡೆತ್ತುವ ಭೋಜನಕೂಟ ಇವು ಪೆಟ್ಟಿಗೆಯಲ್ಲಿಲ್ಲ, ಹುಡುಕಬೇಡಿ. ಸೋಲನ್ನೂ ನೀವೇ ಹೊಂದಿಸಿಕೊಳ್ಳಬೇಕು. ಪ್ರಾಕ್ಸ್‌ಮೈರ್ ಗವರ್ನರ್ ಹುದ್ದೆಗೆ 1952, 1954, 1956ರಲ್ಲಿ ನಿಂತು ಮೂರು ಸಲವೂ ಮಣ್ಣು ಮುಕ್ಕಿದರು. 1957ರ ಮೇನಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ತೀರಿಕೊಂಡು, ಆಗಸ್ಟಿನಲ್ಲಿ ಉಪಚುನಾವಣೆ ಬಂದಾಗ, ಆ ಮೂರು ಸೋಲಿನಲ್ಲಿ ಮಾಡಿಕೊಂಡ ಪರಿಚಯವೇ ಬಂಡವಾಳವಾಯಿತು.

ಜೋಡಣೆ

ಗ್ರೀನ್ ಬೇ ಪ್ಯಾಕರ್ಸ್ ತಂಡದ ಫುಟ್‌ಬಾಲ್ ಪಂದ್ಯವಿದ್ದ ದಿನ ಮೈದಾನದ ಗೇಟಿನ ಪಕ್ಕ ನಿಂತುಕೊಳ್ಳಿ. ಬಂದವರ ಕೈ ಹಿಡಿಯಿರಿ, ಹೆಸರು ಹೇಳಿ, ಬಿಡಿ. ಅಷ್ಟೇ. ನಿಮ್ಮ ಆರ್ಥಿಕ ನೀತಿ ವಿವರಿಸಲು ಹೋಗಬೇಡಿ. ಹಿಂದಿನವನಿಗೆ ಆಟ ಶುರುವಾಗುವ ಮುಂಚೆ ಸೀಟು ಸೇರುವ ಅವಸರ. ಮಾರನೆಯ ದಿನ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಬಾಗಿಲಲ್ಲಿ ಇದನ್ನೇ ಮಾಡಿ. ಚುನಾವಣೆ ಇಲ್ಲದ ವರ್ಷದಲ್ಲೂ ಮಾಡಿ. ಇದನ್ನು ನಡುವೆ ನಿಲ್ಲಿಸಿದರೆ 145 ಡಾಲರಿನ ಖಾತರಿ ರದ್ದಾಗುತ್ತದೆ.

ದಿನಬಳಕೆ

1966ರಿಂದ 1988ರವರೆಗೆ ಸೆನೆಟ್ಟಿನ ಒಂದೇ ಒಂದು ಹೆಸರು ಕೂಗುವ ಮತದಾನವನ್ನೂ ಈ ಮಾದರಿ ತಪ್ಪಿಸಲಿಲ್ಲ: 10,252 ಮತ. ಅಂಕಿ ಕಂಡು ಮರುಳಾಗಬೇಡಿ. ಹಾಜರಿ ಪುಸ್ತಕ ನೋಡಿ ಮೇಷ್ಟ್ರ ಪಾಠ ಅಳೆಯಲಾಗದು. ಎಣಿಸಲೇಬೇಕಿದ್ದರೆ ಇನ್ನೊಂದು ಸಂಖ್ಯೆ ಎಣಿಸಿ. ನರಮೇಧ ತಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸೆನೆಟ್ ಒಪ್ಪಿಗೆ ಕೊಡಬೇಕೆಂದು ಪ್ರಾಕ್ಸ್‌ಮೈರ್ 1967ರ ಜನವರಿಯಲ್ಲಿ ಭಾಷಣ ಶುರುಮಾಡಿದರು. ಸದನ ಸೇರಿದ ದಿನವೆಲ್ಲ ಎದ್ದು ನಿಂತು ಅದೇ ವಿಷಯ. ಹೀಗೆ 3,211 ಭಾಷಣ. 1986ರ ಫೆಬ್ರುವರಿಯಲ್ಲಿ 83–11 ಮತಗಳಿಂದ ಒಪ್ಪಿಗೆ ಸಿಕ್ಕಿತು. ಹತ್ತೊಂಬತ್ತು ವರ್ಷ ಒಂದೇ ರಾಗ ಹಾಡಲು ಬೇರೆಯದೇ ಗಂಟಲು ಬೇಕು, ಬಿಡಿ.

ಒಳಗಿನ ಎಂಜಿನ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪ್ರಾಕ್ಸ್‌ಮೈರ್ ಸೆನೆಟ್ಟಿನ ಬ್ಯಾಂಕಿಂಗ್ ಸಮಿತಿಯಲ್ಲಿದ್ದವರು, ಮುಂದೆ ಅದರ ಅಧ್ಯಕ್ಷರೂ ಆದರು. ಯಾವ ಬ್ಯಾಂಕು ಏನು ಮಾಡಬಹುದು ಎಂಬ ಕಾನೂನು ಹುಟ್ಟುವುದೇ ಆ ಕೋಣೆಯಲ್ಲಿ, ಹಾಗಾಗಿ ದೇಣಿಗೆ ಚೆಕ್ಕುಗಳು ಹುಡುಕಿಕೊಂಡು ಬರುವುದೂ ಆ ವಿಳಾಸಕ್ಕೇ. ಚೆಕ್ಕು ಮರಳಿಸಿದವರ ಕೈಯಲ್ಲಿ ಎಂಥ ಕಾನೂನುಗಳು ಬಂದವು ನೋಡಿ. ಸಾಲಗಾರನಿಗೆ ಬಡ್ಡಿಯ ನಿಜವಾದ ದರ ತಿಳಿಸಲೇಬೇಕೆಂಬುದು 1968ರದು. ನಮ್ಮ ಸಾಲದ ಚರಿತ್ರೆ ಬರೆದಿಡುವ ಕಂಪನಿಗಳಿಗೆ ಕಡಿವಾಣ ಹಾಕಿದ್ದು 1970ರದು. ಬಡವರ ಕೇರಿಯಲ್ಲಿ ಠೇವಣಿ ಎತ್ತುವ ಬ್ಯಾಂಕು ಆ ಕೇರಿಗೇ ಸಾಲವನ್ನೂ ಕೊಡಬೇಕೆಂಬ ಕಾನೂನು, ಅಮೆರಿಕದ ಕಂಪನಿಗಳು ಪರದೇಶದ ಅಧಿಕಾರಿಗಳಿಗೆ ಲಂಚ ಕೊಡಬಾರದೆಂಬ ಕಾನೂನು, ಎರಡೂ 1977ರವು.

ಬೇರೆ ಮಾದರಿಗಳೊಂದಿಗೆ ಹೋಲಿಸಿ ನೋಡಬಯಸುವವರಿಗೆ 1987ರ ಏಪ್ರಿಲ್ ಇದೆ. ಚಾರ್ಲ್ಸ್ ಕೀಟಿಂಗ್ ಎಂಬ ಉದ್ಯಮಿಯ ಲಿಂಕನ್ ಉಳಿತಾಯ ಸಂಸ್ಥೆಯನ್ನು ತಪಾಸಿಗರು ಕೆದಕುತ್ತಿದ್ದಾಗ, ಆತನಿಂದ ದೇಣಿಗೆ ಪಡೆದಿದ್ದ ಐವರು ಸೆನೆಟರುಗಳು ತಪಾಸಿಗರನ್ನು ಕರೆಸಿ ಮಾತಾಡಿದರು. ಐವರ ಪ್ರಚಾರಕ್ಕೂ ಸಂಬಂಧಪಟ್ಟ ಕೆಲಸಗಳಿಗೂ ಕೀಟಿಂಗ್ ಕಡೆಯಿಂದ ಬಂದದ್ದು ಸುಮಾರು 13 ಲಕ್ಷ ಡಾಲರ್. 1989ರಲ್ಲಿ ಲಿಂಕನ್ ಮುಳುಗಿತು. ಸರ್ಕಾರದ ಬೊಕ್ಕಸಕ್ಕೆ ಬಿದ್ದ ಹೊರೆ 300 ಕೋಟಿ ಡಾಲರಿಗೂ ಮಿಕ್ಕಿ. ಆ ಐವರಲ್ಲೊಬ್ಬರಾದ ಡೊನಾಲ್ಡ್ ರೀಗಲ್, ಪ್ರಾಕ್ಸ್‌ಮೈರ್ ನಿವೃತ್ತರಾದ ಮೇಲೆ ಅದೇ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾದರು.

ಎಚ್ಚರಿಕೆ: ಬಿಸಿಯಾಗುತ್ತದೆ

ಜಾಹೀರಾತಿಲ್ಲದೆ ಹೆಸರು ಉಳಿಯುವುದು ಹೇಗೆ? ಪತ್ರಿಕೆಗಳು ಬಿಟ್ಟಿಯಾಗಿ ಅಚ್ಚು ಹಾಕುವಂಥದ್ದೇನನ್ನಾದರೂ ತಿಂಗಳು ತಿಂಗಳು ಕೊಡಬೇಕು. 1975ರ ಮಾರ್ಚಿನಲ್ಲಿ ‘ಗೋಲ್ಡನ್ ಫ್ಲೀಸ್’ ಎಂಬ ಅಣಕು ಪ್ರಶಸ್ತಿ ಹುಟ್ಟಿದ್ದು ಹಾಗೆ. ಸರ್ಕಾರಿ ದುಡ್ಡು ಪೋಲು ಮಾಡಿದವರಿಗೆ ಅದರ ಗೌರವ. ಮೊದಲ ಪ್ರಶಸ್ತಿ, ಜನ ಯಾಕೆ ಪ್ರೀತಿಸುತ್ತಾರೆಂಬ ಅಧ್ಯಯನಕ್ಕೆ 84,000 ಡಾಲರ್ ಕೊಟ್ಟ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ. ಓದುಗರು ನಕ್ಕರು, ನಾವೂ ನಗುತ್ತಿದ್ದೆವು. ನಗೆಯ ಬಿಲ್ಲು ಹೋದದ್ದು ಮಾತ್ರ ವಿಜ್ಞಾನಿಗಳ ಮನೆಗೆ.

ಕೋತಿಗಳು ಸಿಟ್ಟಿನಲ್ಲಿ ದವಡೆ ಬಿಗಿಯುವುದನ್ನು ಅಳೆಯುತ್ತಿದ್ದ, ಈ ಪ್ರಶಸ್ತಿಯ ಗೇಲಿಗೆ ಸಿಕ್ಕಿದ ವಿಜ್ಞಾನಿ ರೊನಾಲ್ಡ್ ಹಚಿನ್‌ಸನ್ ಸುಮ್ಮನಿರಲಿಲ್ಲ, ಮಾನನಷ್ಟದ ದಾವೆ ಹೂಡಿದರು. ಸದನದೊಳಗೆ ಆಡಿದ ಮಾತಿಗೆ ರಕ್ಷಣೆಯುಂಟು, ಪತ್ರಿಕಾ ಪ್ರಕಟಣೆಗೂ ಮತದಾರರಿಗೆ ಹಂಚುವ ಸುದ್ದಿಪತ್ರಕ್ಕೂ ಇಲ್ಲ ಎಂದು 1979ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 10,000 ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು. ವಕೀಲರ ಖರ್ಚನ್ನು ಸೆನೆಟ್ಟೇ ಭರಿಸಿತು. ಪೋಲು ಹಿಡಿಯುವವನ ವಕೀಲರಿಗೆ ಸಾರ್ವಜನಿಕ ದುಡ್ಡು ಹೋದದ್ದಕ್ಕೆ ಪ್ರಶಸ್ತಿ ಘೋಷಣೆಯಾದಂತಿಲ್ಲ.

ಸಮಸ್ಯೆ ಮತ್ತು ಪರಿಹಾರ

ಅನ್ಯಗ್ರಹದ ಜೀವಿಗಳ ಹುಡುಕಾಟಕ್ಕೆ ಹಣ ನಿಲ್ಲಿಸಿಬಿಟ್ಟಿದೆಯೇ? ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರನ್ನು ಕಳಿಸಿ. ಅವರು ಬಂದು ಮಾತಾಡಿದ ಮೇಲೆ ಈ ಮಾದರಿ ವಿರೋಧ ಕೈಬಿಟ್ಟ ದಾಖಲೆಯಿದೆ. ಹಾಲಿನ ಬೆಂಬಲ ಬೆಲೆಗೆ ಸರ್ಕಾರಿ ದುಡ್ಡು ಸುರಿಯುವಾಗ ಪೋಲಿನ ಗಂಟೆ ಬಾರಿಸುವುದಿಲ್ಲವೇ? ಅದು ದೋಷವಲ್ಲ. ವಿಸ್ಕಾನ್ಸಿನ್ ಹೈನುಗಾರರ ರಾಜ್ಯ. ಕಾರ್ಖಾನೆಯಲ್ಲೇ ಹಾಗೆ ಸೆಟ್ ಮಾಡಿ ಕಳಿಸಿದ್ದಾರೆ. ದೇಣಿಗೆ ಮುಟ್ಟದಿದ್ದರೂ ಮತದಾರ ಹಿಡಿದ ಜುಟ್ಟು ಬಿಡಿಸಿಕೊಳ್ಳುವ ಗುಂಡಿ ಇದರಲ್ಲಿಲ್ಲ, ಯಾವ ಮಾದರಿಯಲ್ಲೂ ಇರುವಂತೆ ಕಾಣೆ.

ಬದಲಿ ಭಾಗ

ಮೂವತ್ತು ವರ್ಷ ಕೈಕುಲುಕುವಷ್ಟು ವ್ಯವಧಾನ ಇಲ್ಲದವರಿಗಾಗಿ ವಿಸ್ಕಾನ್ಸಿನ್ 1988ರಲ್ಲಿ ಇನ್ನೊಂದು ಮಾದರಿಯನ್ನು ಅದೇ ಕುರ್ಚಿಗೆ ಕೂರಿಸಿತು. ಹರ್ಬ್ ಕೋಲ್, ಅಂಗಡಿ ಸಾಲುಗಳ ಮನೆತನದವರು, ಮಿಲ್‌ವಾಕಿ ಬಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಗಿನ ಮಾಲೀಕರು. ತಾನು ಮತದಾರರನ್ನು ಬಿಟ್ಟು ಬೇರಾರ ಸೆನೆಟರೂ ಅಲ್ಲ ಎಂಬುದು ಅವರ ಘೋಷಣೆ. ಅವರೂ ಹಿತಾಸಕ್ತಿ ಗುಂಪುಗಳ ದುಡ್ಡು ಮುಟ್ಟಲಿಲ್ಲ; ಲಕ್ಷಾಂತರ ಡಾಲರಿನ ಪ್ರಚಾರಕ್ಕೆ ಸ್ವಂತ ಜೇಬಿಗೇ ಕೈ ಹಾಕಿದರು. ಈ ಮಾದರಿಯನ್ನು ಜೋಡಿಸಲು ಬೂಟು, ಅಂಚೆಚೀಟಿ ಬೇಕಿಲ್ಲ. ಅಂಗಡಿ ಸಾಲನ್ನು ಮಾತ್ರ ಖರೀದಿದಾರರೇ ತರತಕ್ಕದ್ದು.