ಖರ್ಚಿನ ಕಾಕಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಕೋರ್ಟಿಗೆ ಹೋದರೂ ಈ ಕಾಕಾ ಸಿಗುತ್ತಾರೆ. ಬಗಲಲ್ಲಿ ಕೈಚೀಲ, ಚೀಲದಲ್ಲಿ ಹೊಲದ ಉತಾರ, ಉತಾರದ ಅಡಿಗೆ ಖರ್ಚಿನ ಡೈರಿ. ಹೊಲದ ಚಿಂತೆ ಬಿಟ್ಟು ಬಹಳ ಕಾಲವಾಯಿತು. ಈಗ ಒಂದೇ ಹಟ: "ಖರ್ಚು ವಸೂಲ್ ಆಗಬೇಕ್ರೀ."

ದಾವೆ ತಮ್ಮನ ಮೇಲೆ, ಹೊಲದ ವಾಟ್ನಿಗೆ, ಅಂದರೆ ಪಾಲಿಗೆ. ಹಾಕುವಾಗ ಅಗ್ಗವೇ ಇತ್ತು. ಜಂಟಿ ಕಬ್ಜಾದಲ್ಲಿದ್ದೇನೆಂದು ವಾಟ್ನಿ ಕೇಳಿದವರಿಗೆ, 1958ರ ಕರ್ನಾಟಕದ ಕೋರ್ಟ್ ಶುಲ್ಕ ಕಾಯ್ದೆಯಂತೆ ಪಾಲಿನ ಬೆಲೆ 10,000 ದಾಟಿದ ಮೇಲೆ ಎಷ್ಟೇ ಇರಲಿ, ಶುಲ್ಕ 200 ರೂಪಾಯಿ. ಇಡೀ ಲಿಂಬೆ ತೋಟಕ್ಕೂ ಅಷ್ಟೇ. ಬೆಳೆದದ್ದು ಡೈರಿ: ಬಸ್ಸು, ಝೆರಾಕ್ಸು, ಮಿರ್ಚಿ ಭಜಿ, ಸಾಕ್ಷಿದಾರನ ಊಟ, ಅವನ ಎಲಿ-ಅಡಿಕಿ. ಒಮ್ಮೆ ತಮ್ಮನೇ ಪಕ್ಕದಲ್ಲಿ ಕುಳಿತು ಇಬ್ಬರ ಟಿಕೆಟ್ಟೂ ತೆಗೆಸಿದ್ದ. ಕಾಕಾ ಅದನ್ನೂ ತಮ್ಮದೇ ಖರ್ಚೆಂದು ಬರೆದುಕೊಂಡರು.

ತಾರೀಖು ಮುಂದೂಡಿಸಿದ್ದಕ್ಕೆ ಜಡ್ಜ್ ಸಾಹೇಬರು ಒಂದು ದಿನ ತಮ್ಮನಿಂದ 300 ರೂಪಾಯಿ ಖರ್ಚು ಕೊಡಿಸಿದರು. ಕಾಕಾ ಕಂಡಕಂಡವರಿಗೆಲ್ಲ ಚಹಾ ಕುಡಿಸಿದರು. ಬಿಲ್ಲು 340.

"ಡಿಕ್ರಿಯೊಳಗ ಕೋರ್ಟ್ ಫೀ, ಸಮನ್ಸ್ ಫೀ, ಸಾಕ್ಷಿ ಭತ್ಯೆ, ನಿಯಮದ ಪ್ರಕಾರ ವಕೀಲರ ಫೀ ಬರತಾವು. ಮಿರ್ಚಿ ಬರೂದಿಲ್ಲ ಕಾಕಾ," ಎಂದರು ವಕೀಲರು.

"ಹಸಗೊಂಡು ಸಾಕ್ಷಿ ಹೆಂಗ ಹೇಳೂದ್ರೀ?"

ಕೇಳಿದ್ದು ಪೂರಾ ತಪ್ಪಲ್ಲ. ಸೋತವರು ನಿಜವಾಗಿ ತಗಲಿದ ನ್ಯಾಯವಾದ ಖರ್ಚು ಕೊಡಬೇಕೆಂದು ಸುಪ್ರೀಂ ಕೋರ್ಟೇ 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿತ್ತು. ಆದರೆ ಸುಳ್ಳು ದಾವೆಗೆ ಕೊಡಿಸುವ ಪರಿಹಾರಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮು ಕಟ್ಟಿದ ಮಿತಿ 3,000 ರೂಪಾಯಿ. ಇದನ್ನು ಕೇಳಿದ ಕಾಕಾ ಹುಬ್ಬೇರಿಸಿದರು. "ಹಂಗಂದ್ರ ಸುಳ್ಳ ದಾವಾ ಭಾಳ ಸೋವಿ ಆತಲ್ರೀ!"

ಕಡೆಗೆ ತೀರ್ಪು ಬಂತು. ಅರ್ಧ ಪಾಲು ಕಾಕಾಗೆ. ವಾದಿ-ಪ್ರತಿವಾದಿ ರಕ್ತಸಂಬಂಧಿಗಳಾದ್ದರಿಂದ ಖರ್ಚು ಅವರವರದ್ದು. ಪಾಲಿನ ಮಾತು ಕಾಕಾ ಕಿವಿಗೇ ಹಾಕಿಕೊಳ್ಳಲಿಲ್ಲ.

"ಸಂಬಂಧ ಇದ್ದಿದ್ರ ಕೋರ್ಟಿಗೆ ಯಾಕ ಬರತಿದ್ದೆನ್ರೀ? ಅಪೀಲ್ ಹಾಕ್ರಿ."

"ಬರೇ ಖರ್ಚಿನ ಮ್ಯಾಲ ಅಪೀಲ್ ನಿಲ್ಲೂದು ಕಷ್ಟ, ಕಾಕಾ."

ಕಾಕಾ ಡೈರಿ ಮುಚ್ಚಿ ಯೋಚಿಸಿದರು. "ಹಂಗಾರ ಪಾಲೂ ಸರಿ ಇಲ್ಲಂತ ಬರೀರಿ. ವಿಜಾಪುರ ಆಗಲಿ, ಕಲಬುರ್ಗಿ ಹೈಕೋರ್ಟ್ ಆಗಲಿ, ಹೋಗೂಣು. ಬಸ್ಸಿನ ರೊಕ್ಕ ತಮ್ಮ ಕೊಡತಾನ."