ಎಷ್ಟು ಪ್ಯಾಡಲ್ ಸ್ವಾಮೀ?

ಹೆಣ್ಣು ನೋಡಲು ಹೋದಾಗ ಐದೇ ನಿಮಿಷದಲ್ಲಿ ತಲೆಯಾಡಿಸಿದ ಮನುಷ್ಯ ಎರಡು ಟೈರು ಆರಿಸಲು ಮೂರು ತಿಂಗಳು ತೆಗೆದುಕೊಂಡ. ಈ ಮಾತು ಹೇಳಿದವಳು ಅವನ ಹೆಂಡತಿಯೇ ಆದ್ದರಿಂದ ಬೇರೆ ಸಾಕ್ಷಿ ಬೇಕಿಲ್ಲ.

ಮಂಡ್ಯ ಸೀಮೆಯಿಂದ ಹೋಗಿ ಸ್ಯಾನ್ ಡಿಯೇಗೋದಲ್ಲಿ ನೆಲೆ ನಿಂತ ಎಂಜಿನಿಯರು ಅವನು. ಆಫೀಸಿನ ಗೆಳೆಯರ ಸಹವಾಸದಿಂದ ಹಳೆಯದೊಂದು ಹೋಂಡಾ 400 ಇಎಕ್ಸ್ ಅವನ ಗ್ಯಾರೇಜಿಗೆ ಬಂದು ಸೇರಿತು. ನಾಲ್ಕು ಚಕ್ರ, ಬೈಕಿನಂಥ ಹ್ಯಾಂಡಲ್, ಕಾಲು ಅಗಲಿಸಿ ಕೂರುವ ಸೀಟು. ಇದಕ್ಕೆ ಅಲ್ಲಿಯವರು ಸ್ಪೋರ್ಟ್ ಕ್ವಾಡ್ ಎನ್ನುತ್ತಾರೆ. 1999ರಲ್ಲಿ ಬಂದ ಮಾದರಿ. 397 ಸಿಸಿಯ ಒಂಟಿ ಸಿಲಿಂಡರು, ಗಾಳಿಗೇ ತಣ್ಣಗಾಗುವ ಎಂಜಿನ್. ಮನೆಯ ಎತ್ತಿನ ಹಾಗೆ ಸಾಧು, ನಂಬಿಕಸ್ಥ, ಆದರೆ ಜಾತ್ರೆಯಲ್ಲಿ ಬಹುಮಾನ ತರುವ ಜಾತಿಯಲ್ಲ.

ಓಡಿಸುವ ಜಾಗ ಗ್ಲಾಮಿಸ್. ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯಲ್ಲಿ ಸುಮಾರು 70 ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲಕ್ಕೆ ಚಾಚಿಕೊಂಡ ಮರಳ ದಿಬ್ಬಗಳ ಸಾಲು; ಕೆಲವು ದಿಬ್ಬ 300 ಅಡಿ ಎತ್ತರ. ‘ರಿಟರ್ನ್ ಆಫ್ ದ ಜೆಡೈ’ ಚಿತ್ರದ ಮರುಭೂಮಿಯ ದೃಶ್ಯಗಳನ್ನು 1982ರಲ್ಲಿ ಇದೇ ಸಾಲಿನ ಬಟರ್‌ಕಪ್ ಕಣಿವೆಯಲ್ಲಿ ತೆಗೆದರು. ಬೇಸಿಗೆಯಲ್ಲಿ ಅದು ಬಾಣಲೆ. ಅಕ್ಟೋಬರಿನಿಂದ ಮುಂದಕ್ಕೆ, ಅದರಲ್ಲೂ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಡೇರೆ, ಟ್ರೇಲರುಗಳ ಊರೇ ಅಲ್ಲಿ ಎದ್ದು ನಿಲ್ಲುತ್ತದೆ. ದಿಬ್ಬದ ಆಚೆಯಿಂದ ಬರುವವರಿಗೆ ಕಾಣಲೆಂದು ಪ್ರತಿ ಗಾಡಿಗೂ ನೆಲದಿಂದ ಎಂಟಡಿ ಎತ್ತರದ ಬಾವುಟ ಕಡ್ಡಾಯ. ದೂರದಿಂದ ನೋಡಿದರೆ ತೇರಿನ ದಿನದ ಹಾಗೇ ಇರುತ್ತದೆ.

ಮೊದಲ ಸಲ ಅವನು ಕಂಪನಿ ಕೊಟ್ಟ ಟೈರಿನಲ್ಲೇ ದಿಬ್ಬ ಹತ್ತಲು ಹೋದ. ಗಾಡಿ ಅರ್ಧ ದಿಬ್ಬ ಏರಿತು, ಮುಕ್ಕಿತು, ನಿಂತಿತು. ಅವನು ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಹಿಂದಿನ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡು ಆ್ಯಕ್ಸಲಿನ ತನಕ ಇಳಿದವು. ತಲಕಾಡಿನ ಮರಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಟ್ಟಿ ಮಣ್ಣಿನಲ್ಲಿ ಟೈರಿನ ಗುಬುಟುಗಳು ಕಚ್ಚಿ ಹಿಡಿಯುತ್ತವೆ. ಒಣಮರಳಿನಲ್ಲಿ ಕಚ್ಚಲು ಏನಿದೆ? ಕಚ್ಚಿದ್ದೆಲ್ಲ ಜಾರುತ್ತದೆ.

ಅದಕ್ಕೇ ಪ್ಯಾಡಲ್ ಟೈರು. ಮೈಯೆಲ್ಲ ನುಣುಪು, ತೆಳ್ಳಗೆ, ಹಗುರ. ಅಡ್ಡಕ್ಕೆ ಮಾತ್ರ ಬೊಗಸೆಯಂಥ ರಬ್ಬರ್ ಪಟ್ಟಿಗಳು. ಸಾಮಾನ್ಯವಾಗಿ ಮುಕ್ಕಾಲು ಇಂಚಿನ ಆಸುಪಾಸು ಎತ್ತರ. ದೋಣಿಯ ಹುಟ್ಟು ನೀರನ್ನು ಹಿಂದಕ್ಕೆ ತಳ್ಳಿದಂತೆ ಇವು ಮರಳನ್ನು ಮೊಗೆದು ಹಿಂದಕ್ಕೆ ಎಸೆಯುತ್ತವೆ, ಗಾಡಿ ಮುಂದಕ್ಕೆ ಹೋಗುತ್ತದೆ. ಹಿಂದೆ ನಿಂತವರ ಬಾಯಿಗೆ ಮರಳು.

ಇದನ್ನು ವಿಡಿಯೋ ಕರೆಯಲ್ಲಿ ತೋರಿಸಿದಾಗ ಊರಲ್ಲಿದ್ದ ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, “ಅಲ್ಲ ಕಣ್ಲಾ, ನಮ್ ಗದ್ದೆ ಕೇಜ್‌ವೀಲು ಇದು! ಇದ್ನ ತಗಳಾಕೆ ಅಮೆರಿಕಕ್ಕೋಗ್ಬೇಕಿತ್ತಾ?” ಅಂದರು. ನಾಟಿಗೆ ಮುಂಚೆ ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಚಕ್ರವನ್ನು ಅವರು ನೆನೆದದ್ದು. ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ಕೇಜ್‌ವೀಲನ್ನು ಟಾರು ರೋಡಿಗೆ ಹತ್ತಿಸಿದರೆ ರೋಡು ಹಾಳು. ಪ್ಯಾಡಲ್ ಟೈರನ್ನು ಹತ್ತಿಸಿದರೆ ಟೈರೇ ಹಾಳು. ಗಟ್ಟಿ ನೆಲದಲ್ಲಿ ಪಟ್ಟಿಗಳು ಬೇಗ ಸವೆಯುತ್ತವೆ, ಬುಡದಲ್ಲಿ ಹರಿಯುತ್ತವೆ, ಕೂತವನ ಹಲ್ಲೂ ಅಲ್ಲಾಡುತ್ತದೆ.

ಎಲ್ಲಾ ಸರಿ, ಎಷ್ಟು ಪ್ಯಾಡಲ್ಲಿನದು ಬೇಕು? ಮೂರು ತಿಂಗಳು ತಿಂದದ್ದು ಈ ಪ್ರಶ್ನೆ.

ಎಂಟರದ್ದಿದೆ, ಹತ್ತರದ್ದಿದೆ, ಹನ್ನೆರಡರದ್ದೂ ಇದೆ. ನಮ್ಮವನ ಮನಸ್ಸು ಹನ್ನೆರಡಕ್ಕೇ ಜೋತುಬಿತ್ತು. ದುಡ್ಡು ಹೇಗೂ ಕೊಡುವುದು, ನಾಲ್ಕು ಪಟ್ಟಿ ಜಾಸ್ತಿಯೇ ಬರಲಿ ಎಂಬ ಸೊಪ್ಪಿನ ಸಂತೆಯ ಲೆಕ್ಕ ಅದು. ಮರಳಿನ ಲೆಕ್ಕ ಬೇರೆ. ಪಟ್ಟಿ ಹೆಚ್ಚಿದಷ್ಟೂ, ಎತ್ತರವಾದಷ್ಟೂ ಹಿಡಿತ ಹೆಚ್ಚು ನಿಜ; ಆದರೆ ಮೊಗೆದ ಮರಳನ್ನೆಲ್ಲ ಎತ್ತಿ ಎಸೆಯಬೇಕಾದದ್ದು ಎಂಜಿನ್. ಶಕ್ತಿ ಸಾಲದಿದ್ದರೆ ಚಕ್ರ ತಿರುಗುವ ವೇಗ ಕುಸಿದು ಗಾಡಿ ಏದುಸಿರು ಬಿಡುತ್ತದೆ, ಗೇರು ಇಳಿಸುತ್ತ ಇಳಿಸುತ್ತ ದಿಬ್ಬದ ನಡುವೆ ನಿಲ್ಲುತ್ತದೆ. ಟೈರಿನ ಎತ್ತರದ್ದೂ ಇದೇ ಕಥೆ. 20 ಇಂಚಿನ ಬದಲು 22 ಇಂಚಿನದನ್ನು ಹಾಕಿದರೆ ಒಂದೊಂದು ಸುತ್ತಿಗೂ ಗಾಡಿ ಶೇಕಡಾ 10ರಷ್ಟು ಹೆಚ್ಚು ದೂರ ಹೋಗಬೇಕು. ಆ ಭಾರವೂ ಎಂಜಿನ್ ತಲೆಗೇ.

ಪಕ್ಕದ ಡೇರೆಯಲ್ಲಿ ಯಮಾಹಾ ಬ್ಯಾನ್ಶೀ ಇಟ್ಟುಕೊಂಡ ಹಿರಿಯರೊಬ್ಬರಿದ್ದರು. ಎರಡು ಸಿಲಿಂಡರಿನ 347 ಸಿಸಿ ಟೂ-ಸ್ಟ್ರೋಕ್. ಅಮೆರಿಕದಲ್ಲಿ 1987ರಿಂದ 2006ರ ತನಕ ಮಾರಾಟವಾದ, ಮರಳಿನವರು ಇವತ್ತಿಗೂ ಹೆಸರು ಕೇಳಿದರೆ ಕಣ್ಣರಳಿಸುವ ಗಾಡಿ. ಅವರದ್ದು ಬಿಚ್ಚಿ, ಕೊರೆದು, ಬಲಪಡಿಸಿದ ಎಂಜಿನ್ನು. ಅದಕ್ಕೆ ಹತ್ತು ಪ್ಯಾಡಲ್. ಹನ್ನೆರಡರ ಆಸೆ ಕೇಳಿ ಅವರು ನಗಲಿಲ್ಲ. ಎಂಜಿನ್‌ಗೆ ಏನೇನು ಮಾಡಿಸಿದ್ದೀಯ ಎಂದು ಕೇಳಿದರು. ಆಯಿಲ್ ಬದಲಾಯಿಸಿದ್ದೇನೆ ಎಂದ. “ಹಾಗಾದರೆ ಎಂಟು” ಎಂದು ತಮ್ಮ ಕಾಫಿಗೆ ಮರಳಿದರು.

ಪಟ್ಟಿ ನೇರವೋ, ಕೋನದ್ದೋ ಎಂಬುದು ಆಮೇಲಿನ ತಲೆನೋವು. ನೇರ ಪಟ್ಟಿ ದಿಬ್ಬದ ಎದೆಗೆ ನೇರ ನುಗ್ಗುವವರಿಗೆ. ನಡುವೆ ಬಾಗಿದ ಅಥವಾ ಕೋನವಾದ ಪಟ್ಟಿ, ದಿಬ್ಬದ ಮಗ್ಗುಲಲ್ಲಿ ಓರೆಯಾಗಿ ಜಾರುತ್ತ ತಿರುಗುವವರಿಗೆ. ಮುಂದಿನ ಚಕ್ರಕ್ಕೆ ಪ್ಯಾಡಲ್ ಬೇಡವೇ ಬೇಡ. ನಡುವೆ ಒಂದೇ ಏಣು ಇರುವ ನುಣುಪು ಟೈರು ಸಾಕು. ಆ ಏಣು ಮರಳನ್ನು ಸೀಳಿಕೊಂಡು ಹ್ಯಾಂಡಲ್ ತಿರುಗಿಸಿದ ಕಡೆ ಹೋಗುತ್ತದೆ.

ಕೊನೆಗೆ ಎಂಟರದ್ದೇ ಬಂತು. ಕೂಲಿ ಉಳಿಸಲು ಗ್ಯಾರೇಜಿನಲ್ಲಿ ತಾನೇ ಕೂತು ರಿಮ್ಮಿಗೆ ಹಾಕಿದ. ಎರಡೂವರೆ ಗಂಟೆ ಪ್ರಯಾಣ ಮಾಡಿ, ಬಾವುಟ ಕಟ್ಟಿ, ಹೆಂಡತಿಗೆ ವಿಡಿಯೋ ಮಾಡಲು ಹೇಳಿ ದಿಬ್ಬಕ್ಕೆ ನುಗ್ಗಿದರೆ ಗಾಡಿ ಹಳೆಯ ಜಾಗದಿಂದ ಹತ್ತಡಿ ಮೇಲೆ ಹೋಗಿ ನಿಂತಿತು.

“ರೀ, ಬಾಣದ ಗುರುತು ಹಿಂದಕ್ಕೆ ತೋರಿಸ್ತಿದೆಯಲ್ಲ?” ಎಂದಳು ಹೆಂಡತಿ.

ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಬೊಗಸೆಗಳು ಬೆನ್ನು ತಿರುಗಿಸಿ ಮರಳನ್ನು ಸವರುತ್ತಿದ್ದವು. ಅಲ್ಲೇ ಚಕ್ರ ಬಿಚ್ಚಿ ಅದಲುಬದಲು ಮಾಡಿ, ಗಾಳಿಯನ್ನು ಐದು ಪಿಎಸ್ಐ ಸುಮಾರಿಗೆ ಇಳಿಸಿ ಹೊರಟಾಗ ಗಾಡಿ ಮೂರನೇ ಗೇರಿನಲ್ಲೇ ನೆತ್ತಿ ಮುಟ್ಟಿತು. ವಿಡಿಯೋದಲ್ಲಿ ಮಾತ್ರ ಮೊದಲ ಪ್ರಯತ್ನವೇ ಉಳಿದಿದೆ. ಅದು ನೆಂಟರಿಷ್ಟರಿಗೆಲ್ಲ ತಲುಪಿದೆ.

ಕೊಳ್ಳುವ ಯೋಚನೆಯಲ್ಲಿರುವವರಿಗೆ ಇಷ್ಟು ಹೇಳಬಹುದು: ಎಂಜಿನ್‌ಗೆ ಕೈ ಹಚ್ಚದ 400 ಸಿಸಿ ಗಾಡಿಗೆ 20 ಇಂಚಿನ, ಎಂಟು ಪ್ಯಾಡಲ್ಲಿನ ಟೈರು ಸಾಕು. ರಿಮ್ಮಿನ ಸಮೇತ ಇನ್ನೊಂದು ಜೊತೆಯಾಗಿ ಕೊಂಡರೆ ಪ್ರತಿ ಸಲ ಟೈರು ಬಿಚ್ಚುವ ಕಷ್ಟವಿಲ್ಲ. ಮೈ ತೆಳ್ಳಗಿರುವುದರಿಂದ ಪಂಕ್ಚರ್ ಸಾಮಾನು ಜೊತೆಯಲ್ಲಿರಲಿ. ಹೊರಡುವ ಮುಂಚೆ ಬಾಣದ ಗುರುತನ್ನು ಮನೆಯವರಿಗೆ ಒಮ್ಮೆ ತೋರಿಸಿ.