ಪ್ರಯಾರಿಟಿ ಪರಮೇಶಿ

ಮೂವತ್ತು ದಾಟಿದ ಗಂಡಸಿಗೆ ಹೊಟ್ಟೆ ಬರುವುದು, ಕೂದಲು ಹೋಗುವುದು ಹಳೆಯ ಸಂಗತಿ. ಈಚೆಗೆ ಜ್ಞಾನವೂ ಬರತೊಡಗಿದೆ. ಹೊಟ್ಟೆಯಾದರೆ ಅಂಗಿಯೊಳಗಿರುತ್ತದೆ, ಪರರಿಗೆ ತೊಂದರೆಯಿಲ್ಲ. ಜ್ಞಾನ ಹಾಗಲ್ಲ; ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದೆಲೆಗೆ ಹರಿಯುತ್ತದೆ.

ಈ ತಳಿಯನ್ನು ನೋಡಬೇಕೆಂದರೆ ಬೆಳಗ್ಗೆ ಆರಕ್ಕೆ ಲಾಲ್‌ಬಾಗಿನ ಯಾವುದಾದರೂ ಗೇಟಿನ ಬಳಿ ನಿಂತರೆ ಸಾಕು. ಕೈಯಲ್ಲಿ ಎದೆಬಡಿತ ಎಣಿಸುವ ವಾಚು, ಕಾಲಲ್ಲಿ ನನ್ನ ಮೊದಲ ಸಂಬಳಕ್ಕಿಂತ ದುಬಾರಿಯಾದ ಶೂ, ಬಾಯಲ್ಲಿ "ಲೈಫಲ್ಲಿ ಪ್ರಯಾರಿಟಿ ಕ್ಲಿಯರ್ ಇರಬೇಕು ಮಗಾ" ಎಂಬ ಮಂತ್ರ. ನನಗೆ ಗಂಟುಬಿದ್ದಿರುವ ಮಾದರಿಗೆ ನಾನಿಟ್ಟ ಹೆಸರು ಪ್ರಯಾರಿಟಿ ಪರಮೇಶಿ. ತಿಪಟೂರಿನ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಆ ಬೆಂಚಿನ ಋಣಕ್ಕೆ ಅವನ ಆತ್ಮವಿಕಾಸದ ಪ್ರತಿ ಹಂತಕ್ಕೂ ನಾನು ಸಾಕ್ಷಿ ನಿಲ್ಲಬೇಕಾಗಿ ಬಂದಿದೆ.

ಬುದ್ಧನಿಗೆ ಜ್ಞಾನೋದಯವಾದಾಗ 35 ವರ್ಷ ಎನ್ನುತ್ತಾರೆ. ಪರಮೇಶಿಗೆ 34ಕ್ಕೇ ಆಯಿತು. ಬೋಧಿವೃಕ್ಷದ ಕೆಳಗಲ್ಲ, ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್ಪಿನ ರಿಪೋರ್ಟಿನಲ್ಲಿ, ಟ್ರೈಗ್ಲಿಸರೈಡ್ ಎಂಬ ಸಾಲಿನ ಎದುರಿಗೆ, ದಪ್ಪಕ್ಷರದಲ್ಲಿ. ಸಿದ್ಧಾರ್ಥ ಹೆಂಡತಿ ಮಗುವನ್ನು ಬಿಟ್ಟು ನಡುರಾತ್ರಿ ಎದ್ದು ಹೋದ. ಪರಮೇಶಿ ಅವರನ್ನು ಬಿಡಲಿಲ್ಲ, ಕ್ಯಾಲೆಂಡರಿಗೆ ಹಾಕಿಕೊಂಡ.

ಹೌದು, ಆಫೀಸಿನ ಮೀಟಿಂಗು ಹಾಕುವ ಅದೇ ಕ್ಯಾಲೆಂಡರು. ಮಂಗಳವಾರ ಸಂಜೆ ಏಳೂವರೆಯಿಂದ ಎಂಟು ಕಾಲು: ಮಗಳು. ಗುರುವಾರ ಒಂಬತ್ತರಿಂದ ಹತ್ತು: ಹೆಂಡತಿ, ಮಾತುಕತೆ. ಶನಿವಾರ: ಕುಟುಂಬ, ಹೊರಾಂಗಣ. ಹೆಂಡತಿಯದೂ ಇವನಷ್ಟೇ ದೊಡ್ಡ ಕೆಲಸ. ಮೊದಲ ಗುರುವಾರವೇ 'ಈ ಸಮಯ ಹೊಂದುವುದಿಲ್ಲ, ಬೇರೆ ಸೂಚಿಸಿ' ಎಂದು ಗುಂಡಿ ಒತ್ತಿ ಕಳಿಸಿದಳಂತೆ. "ನೀವೇ ಹೇಳಿ, ಇವರು ಮಾತಾಡಿಸ್ತಾರೋ, ಇಂಟರ್‌ವ್ಯೂ ತಗೋತಾರೋ?" ಎಂದು ನನ್ನನ್ನು ಕೇಳಿದಳು. ಆರು ವರ್ಷದ ಮಗಳು ಇನ್ನೂ ಚುರುಕು. ಅಪ್ಪ ಪಕ್ಕದಲ್ಲಿ ಬಂದು ಕೂತರೆ ಸಾಕು, ಪುಸ್ತಕದಿಂದ ತಲೆ ಎತ್ತದೆ ವಿಚಾರಿಸುತ್ತಾಳೆ: "ಇದು ಕ್ವಾಲಿಟಿ ಟೈಮಾ, ಸುಮ್ನೆ ಟೈಮಾ?"

ಉಳಿದ ಲಕ್ಷಣಗಳನ್ನು ಬೇಗ ಮುಗಿಸುತ್ತೇನೆ, ನೀವೂ ಎಲ್ಲೋ ಅನುಭವಿಸಿರುತ್ತೀರಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ್ದನ್ನು ವೈಯಕ್ತಿಕ ಪತ್ರದಂತೆ ಸ್ವೀಕರಿಸಿದವನು ಅವನೊಬ್ಬನೇ. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಸರದಿಯ ಮೇಲೆ ಬರುತ್ತವೆ. ಅವನ ಮನೆಗೆ ಊಟಕ್ಕೆ ಹೋಗುವವರು ಮೊದಲು ಯಾವ ದಿನ ಯಾವ ಕಾಳು ಎಂದು ತಿಳಿದುಕೊಂಡು ಹೋಗುವುದು ಕ್ಷೇಮ. ಇಷ್ಟಾದರೂ ಲಾಲ್‌ಬಾಗಿನ ಓಟ ಮುಗಿಸಿ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನುವುದನ್ನು ಬಿಟ್ಟಿಲ್ಲ. "ವಾರಕ್ಕೊಂದು ದಿನ ಮಾತ್ರ ಸ್ಟ್ರಿಕ್ಟ್ ಡಿಸಿಪ್ಲಿನ್, ಶುಕ್ರವಾರ" ಎನ್ನುತ್ತಾನೆ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ.

ಇನ್ನು ಟರ್ಮ್ ಇನ್ಶೂರೆನ್ಸ್. ಇದನ್ನು ಅವನು ಶುಭಕಾರ್ಯಗಳಲ್ಲಿ ಮಾತ್ರ ಎತ್ತುತ್ತಾನೆ. ನನ್ನ ಎಲೆಗೆ ಹೋಳಿಗೆ ಬಿದ್ದು, ಅದರ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ, "ನಾಳೆ ನೀನು ಇಲ್ಲ ಅಂತಿಟ್ಕೋ" ಎಂದು ಶುರುಮಾಡುತ್ತಾನೆ. ಒಮ್ಮೆ ಬಡಿಸುವವನು ಒಂದು ಕ್ಷಣ ನನ್ನ ಮುಖ ನೋಡಿ ಇನ್ನೊಂದು ಹೋಳಿಗೆ ಹಾಕಿ ಹೋದ. (ಪಾಲಿಸಿ ಮಾಡಿಸಿದೆ. ಕಾಟ ತಪ್ಪಲಿ ಅಂತ.)

ಆದರೆ ಇವೆಲ್ಲ ಅವನ ತೋಟದ ಮುಂದೆ ಏನೂ ಅಲ್ಲ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋಗಿ, ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಬೆಂಗಳೂರಿನ ಸುತ್ತ ಜಮೀನನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಬೇಲಿ ಹಾಕಿ, ಗಿಡ ನೆಟ್ಟು, ನೀರೂ ಅವರೇ ಬಿಟ್ಟು, ಒಡೆತನದ ಆನಂದವನ್ನಷ್ಟೇ ನಮಗೆ ಬಿಡುವ ಕಂಪನಿಗಳು ಎದ್ದವು. ಅಂಥದ್ದೊಂದರಲ್ಲಿ, ಕನಕಪುರ ರಸ್ತೆಯಾಚೆ, ಪರಮೇಶಿ ಹತ್ತು ಗುಂಟೆ ಕೊಂಡ. ಕಾಲು ಎಕರೆ. "ಮಣ್ಣಿಗೆ ವಾಪಸ್ ಹೋಗ್ಬೇಕು ಕಣೋ" ಎಂದ. ತಿಪಟೂರಿನ ಹತ್ತಿರ ಅವರಪ್ಪನಿಗೆ ನಾಲ್ಕೆಕರೆ ತೆಂಗಿನ ತೋಟವಿದೆ, ಅಲ್ಲಿಯೂ ಕೆಳಗಡೆ ಇರುವುದು ಮಣ್ಣೇ ಎಂದು ನೆನಪಿಸಿದೆ. "ಅದು ಬೇರೆ. ಅಲ್ಲಿ ಹೋದ್ರೆ ಕೆಲಸ ಹೇಳ್ತಾರೆ" ಎಂದ.

ಕಂಪನಿಯ ಆ್ಯಪಿನಲ್ಲಿ ವಾರಕ್ಕೊಂದು ಫೋಟೋ ಬರುತ್ತದೆ: ಅವನ ಮಾವಿನ ಸಸಿ, ಪಕ್ಕದಲ್ಲಿ ಅಳತೆಪಟ್ಟಿ. ಅದನ್ನವನು ನನಗೆ ಕಳಿಸುತ್ತಾನೆ. ಅವನ ಮಗಳ ಫೋಟೋಗಳೂ ಇಷ್ಟು ತಪ್ಪದೆ ಬಂದಿರಲಿಲ್ಲ. ಒಂದು ವಾರ ಸಸಿಯ ಹಿಂದೆ ಬಾಲ ಮೊಟಕಾದ ಕಂದು ನಾಯಿ ನಿಂತಿತ್ತು. ಅದೇ ನಾಯಿ, ಅದೇ ಸಸಿ, ಉಳಿದ ಮಾಲೀಕರ ಆ್ಯಪಿನಲ್ಲೂ ಬಂದಿದೆ ಎಂದು ಅವರ ವಾಟ್ಸಾಪ್ ಗುಂಪಿನಲ್ಲಿ ಗಲಾಟೆಯಾಯಿತು. ಪರಮೇಶಿ ಮಾತ್ರ ವಿಚಲಿತನಾಗಲಿಲ್ಲ. ನಾಯಿ ಎಲ್ಲರದ್ದೂ ಇರಬಹುದು, ಸಸಿ ತನ್ನದೇ ಎಂದು ನಂಬಿದ.

ಒಂದು ಶನಿವಾರ ಆ ತೋಟಕ್ಕೆ ಹೋದೆವು; ಅವರಪ್ಪ ತಿಪಟೂರಿನಿಂದ ರೈಲಿನಲ್ಲಿ ಬಂದಿದ್ದರು. ಕ್ಯಾಲೆಂಡರಿನಲ್ಲಿ 'ಅಪ್ಪ + ಪ್ರಕೃತಿ' ಎಂದು ಏಳರಿಂದ ಒಂದರವರೆಗೆ ಹಾಕಿದ್ದ. ನಾನು ಯಾಕೆ ಎಂದರೆ, ಫೋಟೋ ತೆಗೆಯಲು ಒಬ್ಬರು ಬೇಕಿತ್ತು. ಗೇಟಿನಲ್ಲಿ ಮ್ಯಾನೇಜರು ಎಲ್ಲರಿಗೂ ಒಂದೊಂದು ಹುಲ್ಲಿನ ಟೋಪಿ, ಆಟಿಕೆಯಂಥ ಒಂದು ಕೈಸಲಿಕೆ ಕೊಟ್ಟ. ಜೀವಮಾನವಿಡೀ ಗುದ್ದಲಿ ಹಿಡಿದ ಮುದುಕರು ಆ ಸಲಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮೊಮ್ಮಗಳ ಕೈಗೆ ಕೊಟ್ಟರು. ಆಮೇಲೆ ತೆಂಗಿನ ಸಸಿಗಳ ನಡುವೆ ಹೆಜ್ಜೆಯಲ್ಲಿ ಅಳೆಯತೊಡಗಿದರು.

"ಹದಿನೈದು ಅಡಿಗೊಂದು ನೆಟ್ಟವ್ರಲ್ಲೋ?"

"ಹೈ ಡೆನ್ಸಿಟಿ ಸರ್," ಎಂದ ಮ್ಯಾನೇಜರು.

"ನಮ್ಮಲ್ಲಿ ಮೂವತ್ತು. ಗರಿಗೆ ಗರಿ ತಾಗಬಾರ್ದು." ಮಗನ ಕಡೆ ತಿರುಗಿ, "ಎಷ್ಟು ಕೊಟ್ಟೆ?" ಎಂದರು.

ಪರಮೇಶಿ ಬೆಲೆ ಹೇಳಲಿಲ್ಲ. ಇದು ದುಡ್ಡಿನ ವಿಷಯ ಅಲ್ಲ, ಮಣ್ಣಿನ ಜೊತೆ ಕನೆಕ್ಟ್ ಆಗೋದು, ಸ್ವಲ್ಪ ಹೊತ್ತು ಬರಿಗಾಲಲ್ಲಿ ನಡೀರಿ ಅಪ್ಪ ಎಂದ. ಅವರು ಊರಿಗೆ ಫೋನು ಮಾಡಿ, ತ್ರೀ ಫೇಸ್ ಕರೆಂಟು ಬಂತಾ, ಮೋಟರು ಆನ್ ಮಾಡಿದರಾ ಎಂದು ವಿಚಾರಿಸುತ್ತಿದ್ದರು. ಹಾಕಿದ್ದ ಚಪ್ಪಲಿ ಬಿಚ್ಚಲಿಲ್ಲ.

ಒಂದು ಗಂಟೆಗೆ 'ಮೌನದ ಊಟ'. ಮೌನ ಇತ್ತು; ತಾತನೂ ಮೊಮ್ಮಗಳೂ ಇರಲಿಲ್ಲ. ಬೋರ್‌ವೆಲ್ ಹತ್ತಿರ ಇಲ್ಲ, ಶೆಡ್ಡಿನಲ್ಲಿ ಇಲ್ಲ. ಸಮಯಪಾಲನೆಯ ಪರಮೇಶಿ ಬೇಲಿಯುದ್ದಕ್ಕೂ ಓಡಿದ. ಹತ್ತು ಕಿಲೋಮೀಟರ್ ಓಟದ ಪದಕ ಅಂದು ಸಾರ್ಥಕವಾಯಿತು. ಕಡೆಗೆ ಪಕ್ಕದ ಹಳ್ಳಿಯ ಟೀ ಅಂಗಡಿಯಲ್ಲಿ ಸಿಕ್ಕರು. ಮುಂದೆ ಕಾಗದದ ಮೇಲೆ ಬೋಂಡ, ಮಧ್ಯದಲ್ಲಿ ಅಂಗಡಿಯವಳ ತೆಂಗಿನಕಾಯಿ ರಾಶಿ. ತಾತ ಒಂದೊಂದೇ ಕಾಯಿಯನ್ನು ಹುಡುಗಿಯ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. "ಇದ್ರಾಗೆ ನೀರೈತೆ, ಕೇಳ್ತಾ? ಅಟ್ಟದ ಮೇಲೆ ವರ್ಸ ಬಿದ್ದಿದ್ರೆ ನೀರೆಲ್ಲ ಇಂಗಿ, ಒಳಗೇ ಕೊಬ್ಬರಿ ಬಿಟ್ಕೊಂಡು ಲೊಡಲೊಡ ಅಂತೈತೆ. ಅವಾಗ ಒಡೀಬೇಕು. ಮುಂಚೆ ಒಡುದ್ರೆ ಬರೀ ಕಾಯಿ."

ಹುಡುಗಿ ಎದ್ದು ಬಂದು ಏದುಸಿರು ಬಿಡುತ್ತಿದ್ದ ಅಪ್ಪನ ಹೊಟ್ಟೆಗೆ ಕಿವಿಯಿಟ್ಟಳು. ದಿನಕ್ಕೆ ನಾಲ್ಕು ಲೀಟರ್ ನೀರಿನ ಗುರಿ ಇಟ್ಟುಕೊಂಡ ಹೊಟ್ಟೆ ಅದು.

"ತಾತಾ, ಇದ್ರಲ್ಲೂ ನೀರಿದೆ."

ಮುದುಕರು ನಕ್ಕಿದ್ದು ನೋಡಬೇಕಿತ್ತು. ಪರಮೇಶಿ ನಗಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಹಿಂದಿನ ಸೀಟಿನ ಇಬ್ಬರೂ ಒರಗಿ ನಿದ್ದೆಹೋಗಿದ್ದರು. ಅವನು ಕನ್ನಡಿಯಲ್ಲಿ ಅವರನ್ನು ನೋಡುತ್ತ, "ನನ್ನ ಜೊತೆ ಯಾವತ್ತೂ ಹೀಗೆ ಕೂತಿರ್ಲಿಲ್ಲ ಕಣೋ" ಎಂದ.

ಸುಳ್ಳಲ್ಲ. ಅವರಪ್ಪನ ಮೂವತ್ತರ ದಶಕ ನನಗೆ ನೆನಪಿದೆ. 1990ರ ದಶಕದ ಕೊನೆಯಲ್ಲಿ ಕೇರಳದ ತೆಂಗಿಗೆ ಬಿದ್ದ ನುಸಿ ನಮ್ಮ ಕಡೆಗೂ ಹಬ್ಬಿ, ಕಾಯಿಗಳು ಮುರುಟಿ, ಕಂದುಗಟ್ಟಿ, ಗಾತ್ರ ಕಳೆದುಕೊಂಡ ಕಾಲ. ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಗೆ ಏನು ರೇಟು ಬಿತ್ತು ಎಂಬುದರ ಮೇಲೆ ಆ ದಿನ ಮನೆಯಲ್ಲಿ ಮಾತಿದೆಯೋ ಇಲ್ಲವೋ ತೀರ್ಮಾನವಾಗುತ್ತಿತ್ತು. ರಾತ್ರಿ ಕರೆಂಟು ಬಂದಾಗ ಟಾರ್ಚು ಹಿಡಿದು ತೋಟಕ್ಕೆ ಹೋದರೆ, ಮಗ ಎದ್ದಾಗಲೂ ಬಂದಿರುತ್ತಿರಲಿಲ್ಲ. ಮಗನೊಡನೆ ಅವರ ಸಂಭಾಷಣೆಗೆ ಎರಡೇ ವಿಷಯ: ಮಾರ್ಕ್ಸು ಎಷ್ಟು, ಮೋಟರು ಆಫ್ ಮಾಡಿದೆಯಾ. ಆಗಿನ ಅಪ್ಪಂದಿರು ಸಹಜವಾಗಿದ್ದರು, ಲೆಕ್ಕ ಇಟ್ಟು ಪ್ರೀತಿಸುತ್ತಿರಲಿಲ್ಲ ಎಂದು ಬರೆಯಲು ನನಗೂ ಆಸೆಯೇ. ಆದರೆ ಲೆಕ್ಕ ಇಡದೆಯೂ ಎಷ್ಟೋ ಜನ ಕೊಟ್ಟದ್ದು ಕಡಿಮೆಯೇ. ಆ ಬೆಂಚಿನಲ್ಲಿ ಕೂತಿದ್ದವರು ನಾವಿಬ್ಬರೂ. ಅವನು ಕ್ಯಾಲೆಂಡರು ಹಾಕಿಕೊಂಡ, ನಾನು ಅವನನ್ನು ನೋಡಿ ನಗುವುದನ್ನು ಹಾಕಿಕೊಂಡೆ. ಮಂಗಳವಾರ ಏಳೂವರೆಗೆ ಅವನು ಮಗಳ ಪಕ್ಕ ಕೂತಿರುವಾಗ ನಾನು ಮನೆಯಲ್ಲಿ ಮೊಬೈಲು ನೋಡುತ್ತ, ಹೆಚ್ಚಾಗಿ ಅವನ ಮಾವಿನ ಸಸಿಯನ್ನೇ ನೋಡುತ್ತ, ಸಹಜವಾಗಿ ಇರುತ್ತೇನೆ.

ಇಷ್ಟು ಹೇಳಿದ್ದು ಅವನಿಗೆ ಗೊತ್ತಾದರೆ ಇನ್ನೊಂದು ಆಹ್ವಾನ ಕಳಿಸುತ್ತಾನೆ. ಈಗಾಗಲೇ 'ಹಳೇ ಸ್ನೇಹ, 45 ನಿಮಿಷ, ಪ್ರತಿ ತಿಂಗಳು' ಎಂದು ನನಗೊಂದು ಆಹ್ವಾನ ಬಂದಿದೆ. 'ನೋಡೋಣ' ಎಂಬ ಗುಂಡಿ ಒತ್ತಿದ್ದೇನೆ.

ತೋಟದಿಂದ ಬಂದ ಮೇಲೆ ಅವನು ಭಾನುವಾರ ಸಂಜೆ ಏಳರಿಂದ ಏಳು ಕಾಲು ಅಪ್ಪನಿಗೆ ಫೋನು ಎಂದು ಹಾಕಿಕೊಂಡ. ಮೊದಮೊದಲು ಮುದುಕರು "ಏನಾಯ್ತು? ಎಲ್ಲ ಚೆನ್ನಾಗವ್ರಾ?" ಎಂದು ಗಾಬರಿಯಿಂದಲೇ ಎತ್ತುತ್ತಿದ್ದರಂತೆ. ಬರಬರುತ್ತ ಒಗ್ಗಿತು. ಆರೂ ಮುಕ್ಕಾಲಿಗೇ ಫೋನನ್ನು ಜಗಲಿಗೆ ತಂದಿಟ್ಟುಕೊಂಡು, ಮಳೆ, ಕೊಬ್ಬರಿ ರೇಟು, ಊರಲ್ಲಿ ಯಾರು ಹೋದರು ಎಂದು ಮಾತು ಕೂಡಿಸಿಕೊಂಡಿರುತ್ತಾರೆಂದು ಅವನ ಅಮ್ಮನೇ ನನಗೆ ಹೇಳಿದರು. ಹೋದ ವಾರ ಪರಮೇಶಿಗೆ ಅಮೆರಿಕದವರ ಜೊತೆ ತುರ್ತು ಮೀಟಿಂಗು ಬಿತ್ತು. ಏಳರದನ್ನು ಎಂಟಕ್ಕೆ ಸರಿಸಿ, ಅಪ್ಪನಿಗೆ ಮೆಸೇಜು ಹಾಕಿ, ಎಂಟಕ್ಕೆ ಸರಿಯಾಗಿ ಫೋನು ಮಾಡಿದ. "ಎಂಟಕ್ಕೆ ನಂದು ಊಟ ಕಣಪ್ಪ, ಮುಂದಿನ ವಾರ ನೋಡಾಣ" ಎಂದು ಇಟ್ಟುಬಿಟ್ಟರಂತೆ.

ಅದಾದ ಐದು ನಿಮಿಷಕ್ಕೆ ನನಗೆ ಫೋನು ಬಂತು. ಕ್ಯಾಲೆಂಡರಿನಲ್ಲಿ ಇಲ್ಲದ ಫೋನು.

"ಅಪ್ಪನಿಗೆ ಪ್ರಯಾರಿಟಿ ಅನ್ನೋದೇ ಗೊತ್ತಿಲ್ಲ ಕಣೋ!"